ಕಾಪಿರೈಟ್ ನೋಟಿಸ್ ಬಂದ್ರೆ ತೆಗೆದು ಹಾಕೋದಾ, ದುಡ್ಡು ಕಟ್ಟೋದಾ, ಎದುರು ನಿಲ್ಲೋದಾ?

ಕೊಡಗಲ್ಲಿ ಈಗ ಹೋಮ್‌ಸ್ಟೇ ಇಟ್ಟೋರು, ಕಾಫಿ ಪುಡಿ ಆನ್‌ಲೈನಲ್ಲಿ ಮಾರೋರು, ಮದುವೆ ವಿಡಿಯೋ ಮಾಡೋ ಹುಡುಗ್ರು, ಮಡಿಕೇರಿ ಪೇಟೇಲಿ ಚಾಕ್ಲೇಟು ಜೇನುತುಪ್ಪದ ಅಂಗಡಿಯವರು, ಎಲ್ರಿಗೂ ಒಂದೊಂದು ಪೇಜ್ ಇದೆ. ಪೇಜ್ ಅಂದ್ಮೇಲೆ ಫೋಟೋ ಬೇಕು, ರೀಲ್ಸಿಗೆ ಹಾಡು ಬೇಕು, ಅಲ್ಲಿಂದ ಇಲ್ಲಿಂದ ಎತ್ತಿ ಹಾಕೋದು ನಡೀತಾನೇ ಇರುತ್ತೆ. ಆಮೇಲೆ ಒಂದಿನ ಮೇಲ್ ಬರುತ್ತೆ, ನೀವು ನಮ್ಮ ಕಾಪಿರೈಟ್ ಉಲ್ಲಂಘನೆ ಮಾಡಿದ್ದೀರಿ, ಏಳು ದಿನದೊಳಗೆ ಇಷ್ಟು ದುಡ್ಡು ಕಟ್ಟಿ, ಇಲ್ಲಾಂದ್ರೆ ಕೋರ್ಟು, ಮೂರು ವರ್ಷ ಜೈಲು ಅಂತ. ನಾನು ಹೋಮ್‌ಸ್ಟೇಗಳ, ಸಣ್ಣ ಅಂಗಡಿಗಳ ವೆಬ್‌ಸೈಟ್ ನೋಡ್ಕೊಳ್ಳೋನು, ಹಾಗಾಗಿ ಇಂಥ ಮೇಲ್ ಬಂದ ಕೂಡ್ಲೇ ಫೋನ್ ಬರೋದು ನನಗೆ. ಎಲ್ರೂ ಕೇಳೋದು ಒಂದೇ, ತೆಗೆದು ಹಾಕಿ ಸುಮ್ನಿದ್ದುಬಿಡ್ಲಾ, ಕೇಳಿದಷ್ಟು ಕೊಟ್ಟು ಕೈ ತೊಳ್ಕೊಳ್ಲಾ, ವಕೀಲರ ಹತ್ರ ಹೋಗ್ಲಾ, ಯೂಟ್ಯೂಬಿಗೇ ಎದುರು ಅರ್ಜಿ ಹಾಕ್ಲಾ?

ಎಲ್ರಿಗೂ ಒಂದೇ ಉತ್ತರ ಇಲ್ಲ. ಆದ್ರೆ ನೋಟಿಸಿನ ಭಾಷೆ ಎಷ್ಟು ಜೋರಾಗಿದೆ ಅಂತ ನೋಡಿ ನಿರ್ಧಾರ ಮಾಡೋದು ಖಂಡಿತ ತಪ್ಪು ದಾರಿ, ಯಾರ ಹತ್ರ ಏನು ಸಾಕ್ಷಿ ಇದೆ ಅನ್ನೋದು ನೋಡಿ ಮಾಡ್ಬೇಕು. ಅದಕ್ಕೇ ಅಳತೆಗೋಲು ಮೊದಲು ಹೇಳಿ, ಆಮೇಲೆ ಒಂದೊಂದೇ ದಾರಿಗೆ ಬರ್ತೀನಿ.

ಅದಕ್ಕೂ ಮುಂಚೆ ಒಂದು ಮಾತು. ನೋಟಿಸ್ ನೋಡಿದ ತಕ್ಷಣ ಗಾಬರಿಯಲ್ಲಿ ಪೋಸ್ಟ್ ಡಿಲೀಟ್ ಮಾಡ್ಬೇಡಿ. ಮೊದಲು ಆ ಪೇಜಿನ ಸ್ಕ್ರೀನ್‌ಶಾಟ್ ತೆಗೀರಿ, ಬ್ರೌಸರಿನ ಮೇಲ್ಗಡೆ ಇರೋ ವೆಬ್ ವಿಳಾಸ, ತಾರೀಖು, ಲೈಕು ಕಾಮೆಂಟು ಎಲ್ಲಾ ಕಾಣೋ ಹಾಗೆ. ಮೇಲ್ ಬಂದಿದ್ರೆ ಅದನ್ನ ಫಾರ್ವರ್ಡ್ ಮಾಡಿಟ್ರೆ ಸಾಲದು, ಮೂಲ ಮೇಲನ್ನೇ ಡೌನ್‌ಲೋಡ್ ಮಾಡ್ಕೊಳ್ಳಿ. ಫೋಟೋ ನಿಮಗೆ ಯಾರು ಕೊಟ್ರು, ಆ ವಾಟ್ಸ್ಯಾಪ್ ಚಾಟ್, ದುಡ್ಡು ಹಾಕಿದ್ರೆ ಯುಪಿಐ ರಸೀದಿ, ಮೂಲ ಫೈಲ್, ಎಲ್ಲಾ ಒಂದು ಕಡೆ ಸೇರಿಸಿ. ಇಷ್ಟಾದ್ಮೇಲೆ ಪೋಸ್ಟನ್ನ ಹೈಡ್ ಮಾಡೋದೋ ತೆಗೆಯೋದೋ ಮಾಡಿ. ತೆಗೆದ್ಮೇಲೆ ನೀವು ಏನು ಹಾಕಿದ್ರಿ, ಎಷ್ಟು ದೊಡ್ಡದಾಗಿ ಹಾಕಿದ್ರಿ, ಯಾವಾಗ ಹಾಕಿದ್ರಿ ಅಂತ ತೋರಿಸೋಕೆ ನಿಮ್ಮ ಹತ್ರ ಏನೂ ಉಳಿಯಲ್ಲ, ಎದುರಿನವರ ಹತ್ರ ಮಾತ್ರ ಅವರಿಗೆ ಬೇಕಾದ ಸ್ಕ್ರೀನ್‌ಶಾಟ್ ಇರುತ್ತೆ.

ಅಳೆಯೋದು ಹೇಗೆ

ಮೊದಲನೇದು, ಕಳಿಸಿದ್ದು ಯಾರು. ಯೂಟ್ಯೂಬಿನ ಯಂತ್ರ ಹಾಡು, ವಿಡಿಯೋ ಹೋಲಿಸಿ ನೋಡಿ ತಾನಾಗೇ ಹಾಕಿದ ಕಂಟೆಂಟ್ ಐಡಿ ಕ್ಲೇಮ್ ಬೇರೆ, ಒಬ್ಬ ಮನುಷ್ಯ ಫಾರಂ ತುಂಬಿ ವಿಡಿಯೋ ತೆಗೆಸಿ ಚಾನೆಲ್ ಮೇಲೆ ಹಾಕಿಸಿದ ಸ್ಟ್ರೈಕ್, ಅಂದ್ರೆ ಎಚ್ಚರಿಕೆಯ ಗುರುತು, ಬೇರೆ, ಏಜೆನ್ಸಿಯವರ ಮೇಲ್ ಬೇರೆ, ವಕೀಲರು ಅಂಚೆಯಲ್ಲಿ ಕಳಿಸಿದ ಲೀಗಲ್ ನೋಟಿಸ್ ಬೇರೆ. ಇದೆಲ್ಲದರ ಹೊರಗೆ ಶುದ್ಧ ಮೋಸ ಒಂದಿದೆ. ನಿಮ್ಮ ಪೇಜು 24 ಗಂಟೇಲಿ ಹೋಗುತ್ತೆ, ಈ ಲಿಂಕ್ ಒತ್ತಿ ಅಪೀಲ್ ಮಾಡಿ ಅಂತ ಮೆಸೆಂಜರಲ್ಲಿ ಬರೋದು, ಲಿಂಕ್ ಒತ್ತಿದ್ರೆ ಪಾಸ್‌ವರ್ಡ್ ಕೇಳುತ್ತೆ, ಕೊಟ್ರೆ ಪೇಜ್ ಅವರ ಪಾಲು. ನಿಜವಾದ ದೂರಾದ್ರೆ ನಿಮ್ಮ ಅಕೌಂಟ್ ಒಳಗಿನ ಸಪೋರ್ಟ್ ಇನ್‌ಬಾಕ್ಸಲ್ಲೂ ಕಾಣ್ಬೇಕು. ಅಲ್ಲಿಲ್ಲ ಅಂದ್ರೆ ಲಿಂಕ್ ಮುಟ್ಲೇಬೇಡಿ. ಮುಟ್ಟಿ ದುಡ್ಡು ಹೋಗಿದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಎರಡನೇದು, ಹಕ್ಕು ನಿಜಕ್ಕೂ ಯಾರದು. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗ್ಬೇಕು, ಯಾಕಂದ್ರೆ ಅರ್ಧಕ್ಕರ್ಧ ಜಗಳ ಇಲ್ಲೇ ಬಗೆಹರಿಯುತ್ತೆ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಫೋಟೋ ತೆಗೆದವರಿಗೆ ತೆಗೆದ ಕ್ಷಣದಿಂದಲೇ ಹಕ್ಕು ಬರುತ್ತೆ, ರಿಜಿಸ್ಟ್ರೇಶನ್ ಕಡ್ಡಾಯ ಅಲ್ಲ. ಹಾಗಾಗಿ ರಿಜಿಸ್ಟರ್ ಮಾಡಿಲ್ವಲ್ಲ ಅಂತ ವಾದ ಮಾಡಿ ಪ್ರಯೋಜನ ಇಲ್ಲ. ಗೂಗಲಲ್ಲಿ ಸಿಕ್ತು, ಕ್ರೆಡಿಟ್ ಕೊಟ್ಟಿದ್ದೀನಿ ಅನ್ನೋದೂ ಅಷ್ಟೇ, ಹೆಸರು ಹಾಕೋದು ಅನುಮತಿ ಆಗಲ್ಲ. ಆದ್ರೆ ಇದೇ ಕಾಯ್ದೆಯ 17ನೇ ಸೆಕ್ಷನಲ್ಲಿ ಹೋಮ್‌ಸ್ಟೇಯವರಿಗೆ, ಮದುವೆ ಮನೆಯವರಿಗೆ ಉಪಯೋಗದ ಮಾತೊಂದಿದೆ, ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋಗೆ, ವಿಡಿಯೋಗೆ, ಬೇರೆ ಒಪ್ಪಂದ ಇಲ್ಲದಿದ್ರೆ, ತೆಗೆಸಿದವರೇ ಮೊದಲ ಮಾಲೀಕರು. ನಿಮ್ಮ ಕಾಟೇಜಿನ ಫೋಟೋಶೂಟ್‌ಗೆ ನೀವೇ ದುಡ್ಡು ಕೊಟ್ಟಿದ್ದು, ಈಗ ಫೋಟೋಗ್ರಾಫರ್ ಬಂದು ವೆಬ್‌ಸೈಟಿಂದ ತೆಗೀರಿ ಅಂದ್ರೆ ಆ ರಸೀದಿನೇ ನಿಮ್ಮ ಬಲ. ಇನ್ನೊಂದು ಥರ ಇದೆ, ಇನ್‌ಫ್ಲುಯೆನ್ಸರ್ ಬಂದು ಎರಡು ದಿನ ಫ್ರೀಯಾಗಿ ಉಳ್ಕೊಂಡು ಫೋಟೋ ತೆಗೆದುಕೊಟ್ಟು ಹೋದ್ರು, ಮುಂದಿನ ವರ್ಷ ದುಡ್ಡು ಕೇಳ್ತಿದ್ದಾರೆ. ಇಲ್ಲಿ ಉಳಿಯೋಕೆ ಕೊಟ್ಟಿದ್ದೇ ಪ್ರತಿಫಲ ಅಂತ ವಾದಿಸೋಕೆ ಜಾಗ ಇದೆ, ಆದ್ರೆ ಚಾಟಲ್ಲಿ ಏನು ಮಾತಾಗಿತ್ತು ಅನ್ನೋದ್ರ ಮೇಲೇ ಎಲ್ಲಾ ನಿಲ್ಲುತ್ತೆ.

ಹಾಡಿನ ವಿಷಯದಲ್ಲಿ ಹಕ್ಕು ಒಂದಲ್ಲ, ಪದರ ಪದರ. ಸಾಹಿತ್ಯ ಒಬ್ಬರದು, ರಾಗ ಸಂಯೋಜನೆ ಒಬ್ಬರದು, ರೆಕಾರ್ಡಿಂಗ್ ಕಂಪನಿದು. ಬರೆದವರ ಹಕ್ಕು ಅವರ ಜೀವಮಾನ, ಆಮೇಲೆ 60 ವರ್ಷ. ರೆಕಾರ್ಡಿಂಗ್‌ಗೆ ಬಿಡುಗಡೆಯಾದ ಮೇಲೆ 60 ವರ್ಷ. ನಮ್ಮೂರಿನದೇ ನೋಡಿ, ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಹಾಡುಗಳನ್ನೆಲ್ಲ ಸೇರಿಸಿ 1924ರಲ್ಲಿ ಪಟ್ಟೋಲೆ ಪಳಮೆ ಪ್ರಕಟ ಮಾಡಿದ್ರು, ಅವರು ತೀರಿಹೋಗಿದ್ದು 1931ರಲ್ಲಿ, ಆ ಮೂಲ ಪುಸ್ತಕದ ಹಕ್ಕಿನ ಅವಧಿ ಯಾವತ್ತೋ ಮುಗಿದಿದೆ. ಅದರಲ್ಲಿರೋ ಹಾಡನ್ನ ನಿಮ್ಮ ಐನ್‌ಮನೇಲಿ, ಅಂದ್ರೆ ಮನೆತನದ ಮೂಲ ಮನೇಲಿ, ನಿಮ್ಮವರೇ ದುಡಿ ಹಿಡ್ಕೊಂಡು ಹಾಡಿದ್ದನ್ನ ನೀವು ರೆಕಾರ್ಡ್ ಮಾಡಿ ಹಾಕಿದ್ರೆ ಯಾರೂ ಅದು ನಮ್ಮ ಹಾಡು ಅನ್ನೋ ಹಾಗಿಲ್ಲ. ಆದ್ರೆ ಅದೇ ಹಾಡನ್ನ ಈಗಿನವರು ಸ್ಟುಡಿಯೋದಲ್ಲಿ ಹಾಡಿ ಬಿಟ್ಟ ಆಲ್ಬಮ್ಮಿಂದ ಎತ್ತಿ ಹಾಕಿದ್ರೆ ಆ ರೆಕಾರ್ಡಿಂಗ್ ಅವರದು, ಆ ಪುಸ್ತಕದ ಹೊಸ ಅನುವಾದ ಎತ್ತಿ ಹಾಕಿದ್ರೆ ಅನುವಾದಕರದು.

ಮೂರನೇದು, ನೀವು ಬಳಸಿದ್ದು ಯಾಕೆ. ವ್ಯಾಪಾರಕ್ಕಾ, ವಿಮರ್ಶೆಗಾ, ಸುದ್ದಿಗಾ, ಸುಮ್ನೆ ಮನೆಯವರಿಗೆ ತೋರಿಸೋಕಾ. 52ನೇ ಸೆಕ್ಷನ್ ವಿಮರ್ಶೆ, ಪ್ರಚಲಿತ ಘಟನೆಯ ವರದಿ, ಖಾಸಗಿ ಬಳಕೆಗೆ ನ್ಯಾಯವಾದ ಮಟ್ಟಿಗೆ ವಿನಾಯಿತಿ ಕೊಡುತ್ತೆ. ನ್ಯಾಯವಾದ ಮಟ್ಟ ಅಂದ್ರೆ ಎಷ್ಟು ಅನ್ನೋದಕ್ಕೆ ಕೇರಳ ಹೈಕೋರ್ಟು 1996ರ ಸಿವಿಕ್ ಚಂದ್ರನ್ ಕೇಸಲ್ಲಿ ನೋಡಿದ್ದು ಮೂರು ಸಂಗತಿ, ಎಷ್ಟು ತಗೊಂಡ್ರಿ, ಯಾಕೆ ತಗೊಂಡ್ರಿ, ಅದರಿಂದ ಮೂಲ ಕೃತಿಗೆ ಪೈಪೋಟಿ ಆಗುತ್ತಾ. ಹತ್ತು ಸೆಕೆಂಡ್ ಒಳಗಿದ್ರೆ ಪರ್ವಾಗಿಲ್ಲ ಅಂತ ರೀಲ್ಸ್ ಮಾಡೋರು ಹೇಳ್ತಾರಲ್ಲ, ಅಂಥ ಲೆಕ್ಕ ಕಾನೂನಲ್ಲಿ ಎಲ್ಲೂ ಇಲ್ಲ. ಹೋಮ್‌ಸ್ಟೇ ಜಾಹೀರಾತಿಗೆ ಸಿನಿಮಾ ಹಾಡು ಹಾಕಿ ವಿಮರ್ಶೆ ಅಂತ ಹೇಳೋಕೂ ಆಗಲ್ಲ.

ನಾಲ್ಕನೇದು ಸಾಕ್ಷಿ, ಐದನೇದು ಕಳ್ಕೊಳ್ಳೋಕೆ ನಿಮ್ಮ ಹತ್ರ ಏನಿದೆ ಅನ್ನೋದು. ಒಂದು ಫೋಟೋ ಹೋದ್ರೆ ಇನ್ನೊಂದು ಹಾಕ್ಬೋದು, ಆದ್ರೆ ವರ್ಷಗಟ್ಟಲೆ ಬೆಳೆಸಿದ ಚಾನೆಲ್ ಮೂರು ಸ್ಟ್ರೈಕಲ್ಲಿ ಹೋದ್ರೆ ಮತ್ತೆ ಬರಲ್ಲ.

ಸಾಕ್ಷಿ ಅಂದ್ರೆ ಏನು

ನಾಪೋಕ್ಲು ಕಡೆ ಹೋಮ್‌ಸ್ಟೇ ನಡೆಸೋ ಅಕ್ಕ ಒಬ್ರಿಗೆ ಹೊರಗಿನ ಒಂದು ಏಜೆನ್ಸಿಯಿಂದ ಮೇಲ್ ಬಂತು, ಮಾಂದಲಪಟ್ಟಿ ಮಂಜಿನ ಫೋಟೋ ನಮ್ಮ ಕ್ಲೈಂಟಿಂದು ಅಂತ. ಮೇಲಿನ ಜೊತೆ ಒಂದು ಸ್ಕ್ರೀನ್‌ಶಾಟ್, ಅದರಲ್ಲಿ ವೆಬ್ ವಿಳಾಸ ಕತ್ತರಿಸಿ ಹೋಗಿದೆ, ತಾರೀಖಿಲ್ಲ. ಅಕ್ಕನ ತಮ್ಮ ತೆಗೆದ ಫೋಟೋ ಅದು. ತಮ್ಮನ ಫೋನಲ್ಲಿ ಮೂಲ ಫೈಲ್ ಇತ್ತು, ಅಷ್ಟೇ ಅಲ್ಲ, ಅದರ ಹಿಂದಿನ ಮುಂದಿನ ಫೋಟೋಗಳೂ ಸಾಲಾಗಿ ಇದ್ವು, ಒಂದರಲ್ಲಿ ಜೀಪಿನ ಸೈಡ್ ಮಿರರ್ ಅಂಚಲ್ಲಿ ಕಾಣ್ತಿತ್ತು, ಪೇಜಿಗೆ ಹಾಕಿದ್ದು ಆ ಕನ್ನಡಿ ಕ್ರಾಪ್ ಮಾಡಿದ್ದನ್ನ. ಏಜೆನ್ಸಿಗೆ ಮೂಲ ಫೈಲ್ ತೋರಿಸಿ ಅಂತ ಬರೆದ್ರೆ ಅವರು ಕಳಿಸಿದ್ದು ಆ ಕ್ರಾಪ್ ಆದ ಚಿಕ್ಕ ಫೋಟೋನೇ. ಕ್ಲೈಂಟ್ ಅನ್ನೋರು ಅಕ್ಕನ ಪೇಜಿಂದಲೇ ಇಳಿಸ್ಕೊಂಡಿದ್ರು. ಕನ್ನಡಿ ಇರೋ ಫೋಟೋ ಕಳಿಸಿದ್ಮೇಲೆ ಆ ಕಡೆಯಿಂದ ಮಾತೇ ಇಲ್ಲ.

ಅದಕ್ಕೇ ಹೇಳೋದು, ಫೋಟೋ ಜಗಳದಲ್ಲಿ ದೊಡ್ಡ ಸಾಕ್ಷಿ ಅಂದ್ರೆ ಮೂಲ ಫೈಲು, ಅದರ ಅಕ್ಕಪಕ್ಕದ ಫ್ರೇಮುಗಳು, ಒಳಗೆ ದಾಖಲಾಗಿರೋ ಕ್ಯಾಮೆರಾ ಮತ್ತು ಸಮಯದ ವಿವರ. ವಾಟ್ಸ್ಯಾಪಲ್ಲಿ ಮಾಮೂಲಿ ಫೋಟೋ ಥರ ಕಳಿಸಿದ್ರೆ ಆ ವಿವರ ಉದುರಿಹೋಗುತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿದ್ರೆ ಉಳಿಯುತ್ತೆ. ಯಾವ ಪುಟದಲ್ಲಿ ಮೊದಲು ಬಂತು ಅನ್ನೋಕೆ ವೆಬ್ ಪುಟಗಳ ಹಳೇ ಪ್ರತಿ ಇಟ್ಟಿರೋ ವೇಬ್ಯಾಕ್ ಮಷೀನ್ ಅನ್ನೋ ಸೈಟ್ ನೋಡಿ, ಹಳೇ ಪುಟ ಅಲ್ಲಿ ಸಿಕ್ಕಿದ್ರೆ ಅದೂ ಬಲ.

ಕೋರ್ಟಿಗೆ ಹೋದ್ರೆ ಬರೀ ಸ್ಕ್ರೀನ್‌ಶಾಟ್ ಪ್ರಿಂಟ್ ಸಾಲದು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ, ಅದರ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಗೆ ಸರ್ಟಿಫಿಕೇಟ್ ಬೇಕು, ಒಂದು ಭಾಗ ಆ ಫೋನೋ ಕಂಪ್ಯೂಟರೋ ನೋಡ್ಕೊಳ್ಳೋರು ತುಂಬೋದು, ಇನ್ನೊಂದು ಭಾಗ ಪರಿಣತರು ತುಂಬೋದು, ಫೈಲಿನ ಹ್ಯಾಶ್ ಮೌಲ್ಯ, ಅಂದ್ರೆ ಫೈಲಿನ ಬೆರಳಚ್ಚಿನಂಥ ಗುರುತು, ಕೂಡ ಬರೀಬೇಕು. ಹಳೇ ಸಾಕ್ಷ್ಯ ಕಾಯ್ದೆಯಲ್ಲಿ 65ಬಿ ಸೆಕ್ಷನ್ ಅಂತಿತ್ತಲ್ಲ, ಅದರ ಜಾಗಕ್ಕೆ ಬಂದಿದ್ದು ಇದು. ಆ ಸರ್ಟಿಫಿಕೇಟ್ ಕಡ್ಡಾಯ ಅಂತ ಸುಪ್ರೀಂ ಕೋರ್ಟು 2020ರ ಅರ್ಜುನ್ ಪಂಡಿತರಾವ್ ಕೇಸಲ್ಲಿ ಹೇಳಿದೆ. ಈ ನಿಯಮ ನಿಮಗೂ ಅನ್ವಯ, ದೂರು ಕೊಟ್ಟವರಿಗೂ ಅನ್ವಯ. ಹಾಗಾಗಿ ಮೂಲ ಫೋಟೋ ಇರೋ ಫೋನನ್ನ ಫಾರ್ಮ್ಯಾಟ್ ಮಾಡೋದು, ಎಕ್ಸ್‌ಚೇಂಜಿಗೆ ಕೊಡೋದು ಬೇಡ, ಜಗಳ ಮುಗಿಯೋ ತನಕ.

ಹೋಮ್‌ಸ್ಟೇ ವೈಫೈ ಬಗ್ಗೆನೂ ಕೇಳ್ತಾರೆ. ಗೆಸ್ಟ್ ಯಾರೋ ಟೊರೆಂಟಲ್ಲಿ ಸಿನಿಮಾ ಇಳಿಸಿ ನಿಮ್ಮ ಕನೆಕ್ಷನ್ ಮೇಲೆ ದೂರು ಬಂದ್ರೆ, ಐಪಿ ವಿಳಾಸ ತೋರಿಸೋದು ಯಾವ ಕನೆಕ್ಷನ್ ಅನ್ನೋದನ್ನ ಮಾತ್ರ, ಯಾರ ಕೈ ಅನ್ನೋದನ್ನಲ್ಲ. ಅಮೆರಿಕದ ಮೇಲ್ಮನವಿ ಕೋರ್ಟೊಂದು 2018ರಲ್ಲಿ ಇದನ್ನೇ ಹೇಳಿ ಕನೆಕ್ಷನ್ ಮಾಲೀಕನ ಮೇಲಿನ ಕೇಸನ್ನ ಬಿಟ್ಟಿತ್ತು. ಗೆಸ್ಟಿಗೆ ಬೇರೆ ನೆಟ್‌ವರ್ಕ್ ಮಾಡಿಡಿ, ಪಾಸ್‌ವರ್ಡ್ ಆಗಾಗ ಬದಲಿಸಿ, ರಿಜಿಸ್ಟರ್ ಸರಿಯಾಗಿ ಬರೀರಿ, ಇದಕ್ಕಿಂತ ಜಾಸ್ತಿ ತಲೆ ಕೆಡಿಸ್ಕೊಳ್ಳೋದು ಬೇಡ.

ಜೈಲಿನ ಮಾತು ಎಷ್ಟು ನಿಜ

ನೋಟಿಸಲ್ಲಿ ಎಲ್ರನ್ನೂ ಹೆದರಿಸೋದು ಇದೇ ಸಾಲು. ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಗೊತ್ತಿದ್ದೂ ಉಲ್ಲಂಘನೆ ಮಾಡಿದ್ರೆ 6 ತಿಂಗಳಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ದಂಡ. 2022ರ ಮೇ ತಿಂಗಳಲ್ಲಿ ನಿಟ್ ಪ್ರೋ ಕೇಸಲ್ಲಿ ಸುಪ್ರೀಂ ಕೋರ್ಟು ಇದು ಪೊಲೀಸರು ನೇರವಾಗಿ ದಾಖಲಿಸ್ಕೊಳ್ಳಬಹುದಾದ, ಜಾಮೀನು ರಹಿತ ಅಪರಾಧ ಅಂತ ಹೇಳಿದೆ. ಹಾಗಾಗಿ ಅದೆಲ್ಲ ಬರೀ ಬೆದರಿಕೆ ಬಿಡಿ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಆದ್ರೆ ಇನ್ನೊಂದು ಕಡೇನೂ ನೋಡಿ. ಗೊತ್ತಿದ್ದೂ ಮಾಡಿದ್ರು ಅನ್ನೋದನ್ನ ಅವರು ಸಾಬೀತು ಮಾಡ್ಬೇಕು, ವ್ಯಾಪಾರದ ಲಾಭಕ್ಕಲ್ಲ ಅಂತಾದ್ರೆ ಕೋರ್ಟು ಕಾರಣ ಬರೆದು ಶಿಕ್ಷೆ ಕಮ್ಮಿ ಮಾಡ್ಬೋದು, ಏಳು ವರ್ಷದ ಒಳಗಿನ ಶಿಕ್ಷೆಯ ಅಪರಾಧ ಆಗಿರೋದ್ರಿಂದ ಸಾಮಾನ್ಯವಾಗಿ ಪೊಲೀಸರು ಮೊದಲು ಹಾಜರಾಗೋಕೆ ನೋಟಿಸ್ ಕೊಡ್ಬೇಕು. ಒಂದು ವಿಷಯ ನೆನಪಿಡಿ, ನೋಟಿಸ್ ಬಂದ್ಮೇಲೂ ಹಾಗೇ ಇಟ್ಕೊಂಡ್ರೆ ಗೊತ್ತಿರಲಿಲ್ಲ ಅನ್ನೋ ಮಾತು ನಿಲ್ಲಲ್ಲ.

ಸಿವಿಲ್ ಕೇಸಾದ್ರೆ ತಡೆಯಾಜ್ಞೆ, ಪರಿಹಾರ, ಲಾಭದ ಲೆಕ್ಕ ಕೇಳ್ತಾರೆ. ಇದರಲ್ಲಿ ಹಕ್ಕಿದೆ ಅಂತ ನಿಮಗೆ ಗೊತ್ತಿರಲಿಲ್ಲ, ಗೊತ್ತಾಗೋಕೆ ಕಾರಣವೂ ಇರಲಿಲ್ಲ ಅಂತ ನೀವು ತೋರಿಸಿದ್ರೆ 55ನೇ ಸೆಕ್ಷನ್ ಪ್ರಕಾರ ಪರಿಹಾರ ಬಿಟ್ಟು ತಡೆಯಾಜ್ಞೆ ಮತ್ತು ಲಾಭದ ಪಾಲಿಗಷ್ಟೇ ಸೀಮಿತ ಆಗುತ್ತೆ. ಮೇಲಲ್ಲಿ 1,50,000 ಡಾಲರ್ ಅಂತ ಬರೆದಿದ್ರೆ ಅದು ಅಮೆರಿಕದ ಕಾನೂನಿನ ಗರಿಷ್ಠ ಮೊತ್ತ, ಇಲ್ಲಿ ಹಾಗೆ ಮೊದಲೇ ಬರೆದಿಟ್ಟ ಪರಿಹಾರ ಇಲ್ಲ, ನಷ್ಟ ಎಷ್ಟು ಅಂತ ಅವರು ತೋರಿಸ್ಬೇಕು.

ಈಗ ದಾರಿಗಳು

ತೆಗೆದು ಸುಮ್ನಿರೋದು. ಖರ್ಚಿಲ್ಲ, ಐದು ನಿಮಿಷದ ಕೆಲಸ. ಒಬ್ಬ ಫೋಟೋಗ್ರಾಫರ್ ಹುಡುಗ ಇನ್‌ಸ್ಟಾದಲ್ಲಿ ಅಣ್ಣ ಅದು ನನ್ನ ಫೋಟೋ ತೆಗೀರಿ ಅಂತ ಕೇಳಿದಾನೆ, ದುಡ್ಡಿನ ಮಾತಿಲ್ಲ, ಆ ಫೋಟೋ ನಿಮ್ಮದಲ್ಲ ಅಂತ ನಿಮಗೂ ಗೊತ್ತು ಅಂದ್ರೆ ತೆಗೆದು ಸಾರಿ ಹೇಳಿ, ಅಲ್ಲಿಗೆ ಮುಗೀತು, ಮರ್ಯಾದೆಯೂ ಅದೇ. ಆದ್ರೆ ದುಡ್ಡು ಕೇಳಿ ವಕೀಲರ ನೋಟಿಸ್ ಬಂದಿದ್ದಾಗ ತೆಗೆದು ಸುಮ್ನಿದ್ರೆ ಹಿಂದೆ ಬಳಸಿದ್ದಕ್ಕೆ ಹೊಣೆ ಹೋಗಲ್ಲ, ಉಲ್ಲಂಘನೆ ಆದ ದಿನದಿಂದ 3 ವರ್ಷದೊಳಗೆ ದಾವೆ ಹಾಕ್ಬೋದು. ಉತ್ತರ ಕೊಡದೆ ಕೂತಿದ್ದನ್ನ ಮುಂದೆ ನಿಮ್ಮ ವಿರುದ್ಧವೇ ಎತ್ತಿ ತೋರಿಸ್ತಾರೆ. ಯೂಟ್ಯೂಬಲ್ಲೂ ಹಾಗೇ, ಸ್ಟ್ರೈಕ್ ಬಂದ್ಮೇಲೆ ವಿಡಿಯೋ ಡಿಲೀಟ್ ಮಾಡಿದ್ರೆ ಸ್ಟ್ರೈಕ್ ಹೋಗಲ್ಲ, ಅದು 90 ದಿನ ಇದ್ದೇ ಇರುತ್ತೆ.

ದುಡ್ಡು ಕೊಟ್ಟು ಮುಗಿಸೋದು. ಇದನ್ನ ಕೆಲವರು ಸೋಲು ಅಂತ ತಿಳ್ಕೋತಾರೆ, ನನಗೆ ಹಾಗನ್ಸಲ್ಲ. ಬಳಸಿದ್ದು ನಿಜ, ವ್ಯಾಪಾರಕ್ಕೆ ಬಳಸಿದ್ದು, ಅವರ ಹತ್ರ ಮೂಲ ಫೈಲ್ ಇದೆ, ಅಂದ್ಮೇಲೆ ತೆಗೆದವರ ಶ್ರಮಕ್ಕೆ ದುಡ್ಡು ಕೊಡೋದು ನ್ಯಾಯವೇ. ಪ್ರಶ್ನೆ ಇರೋದು ಎಷ್ಟು ಅನ್ನೋದು. ಆ ಫೋಟೋಗೆ ಮೊದಲೇ ಲೈಸೆನ್ಸ್ ತಗೊಂಡಿದ್ರೆ ಎಷ್ಟಾಗ್ತಿತ್ತು ಅಂತ ಅವರ ವೆಬ್‌ಸೈಟಲ್ಲೋ ಬೇರೆ ಸ್ಟಾಕ್ ಫೋಟೋ ಸೈಟಲ್ಲೋ ನೋಡಿ, ಅಲ್ಲಿಂದ ಮಾತು ಶುರು ಮಾಡಿ. ಅದರ ಹತ್ತಿಪ್ಪತ್ತು ಪಟ್ಟು ಕೇಳಿದ್ರೆ ಆ ಮೊತ್ತಕ್ಕೆ ಆಧಾರ ಏನು ಅಂತ ಕೇಳೋ ಹಕ್ಕು ನಿಮಗಿದೆ. 2025ರಲ್ಲಿ ದೊಡ್ಡ ಸುದ್ದಿ ಸಂಸ್ಥೆಯೊಂದು ಸ್ಟ್ರೈಕ್ ಹಿಂದೆ ತಗೊಳ್ಳೋಕೆ ಲಕ್ಷಗಟ್ಟಲೆ ಕೇಳ್ತಿದೆ ಅಂತ ಯೂಟ್ಯೂಬರ್‌ಗಳು ಆರೋಪ ಮಾಡಿದ್ದು ನೀವೂ ಓದಿರ್ತೀರಿ, ಸಂಸ್ಥೆ ತನ್ನ ಹಕ್ಕು ಕಾಪಾಡ್ಕೊಳ್ತಿದ್ದೀನಿ ಅಂತು. ಯಾರು ಸರಿ ಅನ್ನೋದು ಹಾಗಿರ್ಲಿ, ಚಾನೆಲ್ ಹೋಗೋ ಭಯದಲ್ಲಿ ಕೂತಿದ್ದಾಗ ಬೆಲೆ ಮಾತಾಡೋದು ಎಷ್ಟು ಕಷ್ಟ ಅಂತ ಅದರಿಂದ ಗೊತ್ತಾಗುತ್ತೆ.

ಕೊಡೋದಾದ್ರೆ ಬರವಣಿಗೆಯಲ್ಲಿ ಮಾಡ್ಕೊಳ್ಳಿ. ಈ ಕೃತಿಯ ಹಿಂದಿನ ಬಳಕೆಗೆಲ್ಲ ಇನ್ನು ತಕರಾರಿಲ್ಲ ಅನ್ನೋ ಮಾತು, ಸ್ಟ್ರೈಕ್ ಇದ್ರೆ ಇಂಥ ದಿನದೊಳಗೆ ವಾಪಸ್ ತಗೋತೀವಿ ಅನ್ನೋ ಮಾತು, ಸಹಿ ಹಾಕೋರಿಗೆ ಮಾಲೀಕರಿಂದ ಅಧಿಕಾರ ಇದೆ ಅನ್ನೋದಕ್ಕೆ ಪತ್ರ, ಇದು ತಪ್ಪೊಪ್ಪಿಗೆ ಅಲ್ಲ ಅನ್ನೋ ಸಾಲು, ಇಷ್ಟೂ ಇರ್ಬೇಕು. ದುಡ್ಡು ಸಂಸ್ಥೆಯ ಖಾತೆಗೆ ಹಾಕಿ, ಯಾರದೋ ಖಾಸಗಿ ನಂಬರಿಗೆ ಯುಪಿಐ ಮಾಡಿ ಅಂದ್ರೆ ಅಲ್ಲೇ ನಿಲ್ಲಿಸಿ.

ಉತ್ತರ ಬರೆದು ಸಾಕ್ಷಿ ಕೇಳೋದು. ಹಕ್ಕಿನ ಬಗ್ಗೆ ಅನುಮಾನ ಇದೆ, ಇಲ್ಲಾ ಮೊತ್ತ ಜಾಸ್ತಿ ಅನ್ಸುತ್ತೆ ಅಂದ್ರೆ ಹೆಚ್ಚಿನವರಿಗೆ ನಾನು ಹೇಳೋದು ಇದನ್ನೇ. ಅವರನ್ನ ಕೇಳ್ಬೇಕಾದ್ದು ಇಷ್ಟು, ಕೃತಿ ಯಾವುದು, ಮೂಲ ಫೈಲ್ ಎಲ್ಲಿ, ಮೊದಲು ಪ್ರಕಟ ಆಗಿದ್ದು ಯಾವಾಗ, ತೆಗೆದವರಿಂದ ನಿಮಗೆ ಹಕ್ಕು ಬಂದಿದ್ದು ಯಾವ ಪತ್ರದಿಂದ, ಮೊತ್ತದ ಲೆಕ್ಕ ಏನು. ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರ್ಬೇಕು ಅಂತ 19ನೇ ಸೆಕ್ಷನ್ ಹೇಳುತ್ತೆ, ಹಾಗಾಗಿ ಏಜೆನ್ಸಿ ಹತ್ರ ಆ ಪತ್ರ ಇಲ್ಲದಿದ್ರೆ ಅವರ ಕಾಲೇ ಗಟ್ಟಿ ಇಲ್ಲ. ಆಧಾರವಿಲ್ಲದೆ ಕೇಸಿನ ಬೆದರಿಕೆ ಹಾಕೋರ ವಿರುದ್ಧ 60ನೇ ಸೆಕ್ಷನಲ್ಲಿ ನೀವೇ ದಾವೆ ಹಾಕ್ಬೋದು, ವಕೀಲರ ಉತ್ತರದಲ್ಲಿ ಆ ಸೆಕ್ಷನಿನ ಹೆಸರು ಬಂದ್ರೆ ಸುಮ್ಸುಮ್ನೆ ಗಾಳಿಯಲ್ಲಿ ಗುಂಡು ಹಾರಿಸೋರು ಹಿಂದೆ ಸರೀತಾರೆ. ಅವರು ನಿಜವಾಗ್ಲೂ ಉಲ್ಲಂಘನೆ ಕೇಸು ಹಾಕಿ ಶ್ರದ್ಧೆಯಿಂದ ನಡೆಸಿದ್ರೆ ಮಾತ್ರ ಈ ಸೆಕ್ಷನ್ ನಿಮಗೆ ಸಿಗಲ್ಲ. ಇದರ ಕಷ್ಟ ಏನಂದ್ರೆ ವಕೀಲರ ಫೀಸು, ಸಮಯ, ಮತ್ತೆ ಉತ್ತರದಲ್ಲಿ ನೀವು ಬರೆದ ಒಂದೊಂದು ಮಾತೂ ಮುಂದೆ ದಾಖಲೆ. ಕೋಪದಲ್ಲಿ ರಾತ್ರಿ ಕೂತು ಉತ್ತರ ಟೈಪ್ ಮಾಡಿ ಕಳಿಸೋದು ಬೇಡ. ಫೋಟೋ ಎಲ್ಲಿಂದ ಬಂತು ಅಂತ ನಿಮಗೇ ಖಚಿತ ಇಲ್ಲದೆ ನನ್ನದೇ ಫೋಟೋ ಅಂತ ಬರೆಯೋದಂತೂ ಬೇಡವೇ ಬೇಡ.

ವೇದಿಕೆಯಲ್ಲೇ ಎದುರು ಅರ್ಜಿ. ಯೂಟ್ಯೂಬಲ್ಲಿ ಕಂಟೆಂಟ್ ಐಡಿ ಕ್ಲೇಮ್ ಬಂದಿದ್ರೆ ಅದು ಸ್ಟ್ರೈಕ್ ಅಲ್ಲ, ಹೆಚ್ಚಾಗಿ ಜಾಹೀರಾತಿನ ದುಡ್ಡು ಅವರಿಗೆ ಹೋಗುತ್ತೆ ಅಷ್ಟೇ. ಮದುವೆ ವಿಡಿಯೋದವರಿಗೆ ಇದು ಆಗೋದು ಹೇಗಂದ್ರೆ, ಮಂಟಪದಲ್ಲಿ ವಾಲಗದವರು ಬಾರಿಸಿದ್ದನ್ನ ನೀವೇ ರೆಕಾರ್ಡ್ ಮಾಡಿರ್ತೀರಿ, ಅದೇ ಹಳೇ ಧಾಟಿ ಯಾವುದೋ ಆಲ್ಬಮ್ಮಲ್ಲೂ ಇರುತ್ತೆ, ಯಂತ್ರ ಎರಡನ್ನೂ ಒಂದೇ ಅನ್ಕೊಳ್ಳುತ್ತೆ. ಧಾಟಿ ಪರಂಪರೆಯದು, ರೆಕಾರ್ಡಿಂಗ್ ನಿಮ್ಮದು, ಬಾರಿಸಿದವರ ಒಪ್ಪಿಗೆ ಇದೆ ಅಂದ್ರೆ ಧೈರ್ಯವಾಗಿ ಡಿಸ್ಪ್ಯೂಟ್ ಹಾಕಿ. ಎದುರಿನವರಿಗೆ ಉತ್ತರಕ್ಕೆ 30 ದಿನ, ಕೊಡದಿದ್ರೆ ಕ್ಲೇಮ್ ಬಿದ್ದುಹೋಗುತ್ತೆ. ತಿರಸ್ಕರಿಸಿದ್ರೆ ಅಪೀಲ್ ಇದೆ, ಅದಕ್ಕೆ 7 ದಿನ, ಆದ್ರೆ ಅಪೀಲ್ ಹಂತದಲ್ಲಿ ಅವರು ವಿಡಿಯೋ ತೆಗೆಸಿದ್ರೆ ಅಲ್ಲಿಗೆ ಸ್ಟ್ರೈಕ್ ಆಗುತ್ತೆ, ಆ ಲೆಕ್ಕ ಹಾಕಿ ಮುಂದೆ ಹೋಗಿ.

ಸ್ಟ್ರೈಕ್ ಬಂದ್ಮೇಲೆ ಹಾಕೋ ಕೌಂಟರ್ ನೋಟಿಫಿಕೇಶನ್ ಇನ್ನೂ ಗಂಭೀರ. ನಿಮ್ಮ ಪೂರ್ತಿ ಹೆಸರು, ವಿಳಾಸ ದೂರುದಾರರಿಗೆ ಹೋಗುತ್ತೆ, ಅಮೆರಿಕದ ಕೋರ್ಟಿನ ವ್ಯಾಪ್ತಿಗೆ ಒಪ್ಪಿಗೆ ಅಂತ ಬರೀಬೇಕು, ಸುಳ್ಳು ಹೇಳಿದ್ರೆ ಪ್ರಮಾಣ ಮಾಡಿ ಸುಳ್ಳು ಹೇಳಿದಂಗೆ. ಆಮೇಲೆ ಅಮೆರಿಕದ 10 ಕೆಲಸದ ದಿನದೊಳಗೆ ಅವರು ಕೇಸು ಹಾಕಿದ್ದಕ್ಕೆ ಸಾಕ್ಷಿ ಕೊಡದಿದ್ರೆ ವಿಡಿಯೋ ವಾಪಸ್ ಬರುತ್ತೆ. 90 ದಿನದಲ್ಲಿ ಮೂರು ಸ್ಟ್ರೈಕ್ ಆದ್ರೆ ಚಾನೆಲ್ಲೇ ಹೋಗೋದ್ರಿಂದ, ನಿಮ್ಮ ಹತ್ರ ರಾ ಫೂಟೇಜ್ ಇದ್ದು ಹಕ್ಕು ನಿಮ್ಮದೇ ಅಂತ ಖಚಿತ ಇದ್ರೆ ಇದು ಸರಿಯಾದ ದಾರಿ. ಬರೀ ಕೋಪ ಇದ್ರೆ ಅಲ್ಲ. ಭಾರತದ ಕಾನೂನಲ್ಲೂ ಹೀಗೊಂದು ವ್ಯವಸ್ಥೆ ಇದೆ, 2013ರ ಕಾಪಿರೈಟ್ ನಿಯಮ 75ರ ಪ್ರಕಾರ ದೂರು ಬಂದ 36 ಗಂಟೇಲಿ ವೇದಿಕೆ ಅದನ್ನ ತಡೀಬೇಕು, ದೂರುದಾರರು 21 ದಿನದಲ್ಲಿ ಕೋರ್ಟಿನ ಆದೇಶ ತರದಿದ್ರೆ ಮತ್ತೆ ಹಾಕ್ಬೋದು.

ಮದುವೆಯವರಿಗೆ ಇನ್ನೊಂದು. ಮದುವೆ ಮೆರವಣಿಗೇಲಿ, ಸಮಾರಂಭದಲ್ಲಿ ಹಾಡು ಹಾಕೋದು ಉಲ್ಲಂಘನೆ ಅಲ್ಲ ಅಂತ 52ನೇ ಸೆಕ್ಷನಲ್ಲೇ ಇದೆ, ಕೇಂದ್ರದ ಕೈಗಾರಿಕಾ ಇಲಾಖೆ 2023ರ ಜುಲೈ 24ರಂದು ಅದನ್ನ ಸಾರ್ವಜನಿಕ ಪ್ರಕಟಣೆಯಲ್ಲಿ ಮತ್ತೆ ಹೇಳಿದೆ. ಆದ್ರೆ ಆ ವಿನಾಯಿತಿ ಮಂಟಪದ ಒಳಗಿನ ಮಾತು. ಅದೇ ಸಿನಿಮಾ ಹಾಡನ್ನ ಹೈಲೈಟ್ಸ್ ವಿಡಿಯೋಗೆ ಜೋಡಿಸಿ ನಿಮ್ಮ ಸ್ಟುಡಿಯೋ ಚಾನೆಲಲ್ಲಿ ಹಾಕಿದ್ರೆ ಅದು ಬೇರೇನೇ.

ಸಂಧಾನ, ಕೋರ್ಟು. ಕಾಪಿರೈಟ್ ದಾವೆ ಎಷ್ಟೇ ಚಿಕ್ಕದಿದ್ರೂ ಜಿಲ್ಲಾ ನ್ಯಾಯಾಲಯದಲ್ಲೇ, ಅಂದ್ರೆ ನಮಗೆ ಮಡಿಕೇರಿ. ಕಷ್ಟ ಏನಂದ್ರೆ ದಾವೆ ಹಾಕೋರು ತಾವಿರೋ ಊರಲ್ಲೂ ಹಾಕೋಕೆ 62ನೇ ಸೆಕ್ಷನ್ ಅವಕಾಶ ಕೊಡುತ್ತೆ, ಸುಪ್ರೀಂ ಕೋರ್ಟು 2015ರಲ್ಲಿ ಅದಕ್ಕೆ ಕೆಲವು ಮಿತಿ ಹಾಕಿದ್ರೂ ಮುಂಬೈಗೋ ದೆಹಲಿಗೋ ಓಡಾಡೋ ಸಾಧ್ಯತೆ ಪೂರ್ತಿ ಹೋಗಿಲ್ಲ. ತೋಟ ಬಿಟ್ಟು, ಅದೂ ಕಾಫಿ ಕೊಯ್ಲಿನ ಟೈಮಲ್ಲಿ, ಅಲ್ಲಿಗೆ ಓಡಾಡೋ ಖರ್ಚೇ ಕೇಳಿದ ಮೊತ್ತಕ್ಕಿಂತ ಜಾಸ್ತಿ ಆಗ್ಬೋದು, ರಾಜಿ ಮಾತಾಡುವಾಗ ಇದನ್ನೂ ತೂಕಕ್ಕೆ ಹಾಕಿ. 3 ಲಕ್ಷ ಮತ್ತು ಮೇಲಿನ ವಾಣಿಜ್ಯ ವಿವಾದಕ್ಕೆ ತುರ್ತು ಆದೇಶ ಬೇಡದಿದ್ರೆ ದಾವೆಗೆ ಮುಂಚೆ ಸಂಧಾನ ಕಡ್ಡಾಯ, 3 ತಿಂಗಳ ಅವಧಿ, ಇಬ್ಬರೂ ಒಪ್ಪಿದ್ರೆ ಇನ್ನೂ 2. ಸಂಧಾನದ ನೋಟಿಸ್ ಬಂದ್ರೆ ತಪ್ಪಿಸ್ಕೋಬೇಡಿ, ಇಡೀ ಜಗಳದಲ್ಲಿ ಕಮ್ಮಿ ಖರ್ಚಲ್ಲಿ ಮುಗಿಯೋ ಜಾಗ ಅದು.

ಯಾರಿಗೆ ಯಾವುದು

ನಾಲ್ಕು ರೂಮಿನ ಹೋಮ್‌ಸ್ಟೇ, ಫೋಟೋ ಬೇರೆಯವರದು ಅಂತ ಗೊತ್ತು, ಕೇಳಿರೋ ಮೊತ್ತ ಲೈಸೆನ್ಸ್ ದರದ ಹತ್ರ ಇದೆ ಅಂದ್ರೆ ಕೊಟ್ಟು ಪತ್ರ ತಗೊಳ್ಳಿ. ಮೊತ್ತ ವಿಪರೀತ ಆದ್ರೆ ಫೋಟೋನ ಪೇಜಿಂದ ತೆಗೆದು ಹಾಕಿ, ವಕೀಲರಿಂದ ಒಂದು ಉತ್ತರ ಬರೆಸಿ, ಲೈಸೆನ್ಸ್ ದರಕ್ಕೆ ಒಪ್ತೀವಿ ಅಂತ ಹೇಳಿ, ಬಹಳಷ್ಟು ಸಲ ಅಲ್ಲಿಗೆ ಇಳಿಯುತ್ತೆ. ಫೋಟೋ ನಿಮ್ಮದೇ ಆದ್ರೆ ಒಂದು ರೂಪಾಯಿನೂ ಕೊಡ್ಬೇಡಿ, ಮೂಲ ಫೈಲ್ ಇಟ್ಕೊಂಡು ಉತ್ತರ ಬರೀರಿ.

ಚಾನೆಲ್ ನಡೆಸೋರು ಸ್ಟ್ರೈಕ್ ಎಷ್ಟಿದೆ ಅನ್ನೋದನ್ನ ಮೊದಲು ಎಣಿಸಿ. ಒಂದೇ ಇದ್ದು, ವಿಡಿಯೋ ಅಷ್ಟು ಮುಖ್ಯ ಅಲ್ಲ ಅಂದ್ರೆ 90 ದಿನ ಕಾಯೋದು ಅಗ್ಗ. ಎರಡಾಗಿದ್ರೆ ಹೊಸ ವಿಡಿಯೋ ಹಾಕೋದನ್ನ ನಿಲ್ಲಿಸಿ, ದೂರುದಾರರಿಗೆ ನೇರ ಬರೆದು ವಾಪಸ್ ತಗೊಳ್ಳೋಕೆ ಕೇಳಿ, ಕೌಂಟರ್ ಹಾಕೋಕ್ ಮುಂಚೆ ವಕೀಲರಿಗೆ ಫೂಟೇಜ್ ತೋರಿಸಿ.

ಪೊಲೀಸ್ ಠಾಣೆಯಿಂದ ಫೋನೋ ನೋಟಿಸೋ ಬಂದ್ರೆ ಬಜೆಟ್ ಲೆಕ್ಕ ಬಿಟ್ಟು ಅವತ್ತೇ ವಕೀಲರನ್ನ ನೋಡಿ. ಫೀಸಿಗೆ ಕಷ್ಟ ಇದ್ದೋರು ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ರೂ ಅಲ್ಲಿ ವಕೀಲರು ಉಚಿತ, ಪರಿಶಿಷ್ಟ ಜಾತಿ ಪಂಗಡದವರಿಗೂ, ಅಂಗವಿಕಲರಿಗೂ ಹಾಗೇ, ಉಳಿದವರಿಗೆ ಆದಾಯದ ಮಿತಿ ಇದೆ. ಸಹಾಯವಾಣಿ 15100. ಹೋಗುವಾಗ ನೋಟಿಸ್, ಪೂರ್ತಿ ವಿಳಾಸ ಕಾಣೋ ಸ್ಕ್ರೀನ್‌ಶಾಟ್, ಫೋಟೋ ಕೊಟ್ಟವರ ಚಾಟ್ ಪ್ರಿಂಟ್, ರಸೀದಿ, ಜೊತೆಗೆ ಮೂಲ ಫೈಲ್ ಇರೋ ಫೋನನ್ನೇ ತಗೊಂಡು ಹೋಗಿ.